ಗಟ್ಟಿ ಆಕ್ಸೈಡಿನಲ್ಲಿ ಅಯಾನು ಹರಿಯುವ ಬಗೆ: ಒಂದು ವಿಸ್ತರಣಾ ಪಾಠ

ಹತ್ತನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಘಟಕ ಮುಗಿಯುವ ಹೊತ್ತಿಗೆ ಮಕ್ಕಳಲ್ಲಿ ಒಂದು ತೀರ್ಮಾನ ಕೂತಿರುತ್ತದೆ: ಅಯಾನು ಚಲಿಸಲು ನೀರು ಬೇಕು, ಘನವಸ್ತುವಿನಲ್ಲಿ ಹರಿಯುವುದು ಎಲೆಕ್ಟ್ರಾನ್ ಮಾತ್ರ. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಲ್ಲಿ ಬೋಧನಾಭ್ಯಾಸ ವೀಕ್ಷಿಸುವಾಗ ಮೂರೂ ಕಡೆ ಇದನ್ನೇ ಕೇಳಿದ್ದೇನೆ. ಇಂಧನ ಕೋಶದ ಸೆರಾಮಿಕ್ ಪದರ ಈ ತೀರ್ಮಾನಕ್ಕೆ ಒಗ್ಗುವುದಿಲ್ಲ. ಅದನ್ನೇ ಒಂದು ಅವಧಿಯ ಪಾಠ ಮಾಡಿದೆ.

ಪೂರ್ವಜ್ಞಾನಕ್ಕೆ 9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಎರಡು ಮೊಳೆ ಸಾಕು. ಉಪ್ಪಿನ ದ್ರಾವಣದಲ್ಲಿ ದೀಪ ಹೊತ್ತುತ್ತದೆ, ಸಕ್ಕರೆ ದ್ರಾವಣದಲ್ಲಿ ಇಲ್ಲ. ನಮ್ಮೂರೆಂದು ಬೆಲ್ಲ ಬಳಸಬೇಡಿ. ಅದರಲ್ಲಿ ಖನಿಜ ಲವಣಗಳಿರುವುದರಿಂದ ದೀಪ ಮಂಕಾಗಿ ಉರಿದು ಪಾಠ ದಾರಿ ತಪ್ಪೀತು. ಬೋರ್‌ವೆಲ್ ನೀರೂ ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಆ ತಂತಿಯಲ್ಲಿ ಕದಲಿದ್ದು ಎಲೆಕ್ಟ್ರಾನ್. ಅದಕ್ಕೂ ಸ್ವಲ್ಪ ಮುಂಚೆ, 1899ರಲ್ಲಿ, ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ಕಡ್ಡಿ ಕಾಯ್ದಾಗ ವಿದ್ಯುತ್ ಹರಿಸುವುದನ್ನು ವಿವರಿಸಿದ್ದರು. ಅಲ್ಲಿ ಚಲಿಸಿದ್ದು ಆಕ್ಸಿಜನ್ ಅಯಾನು.

ಹೇಗೆ? ವೇಲೆನ್ಸಿ ಗೊತ್ತಿದ್ದವರು ಎಣಿಸಿಯೇ ಹೇಳಬಹುದು. ಜಿರ್ಕೋನಿಯಂನ ವೇಲೆನ್ಸಿ 4, ಆದ್ದರಿಂದ ಎರಡು ಪರಮಾಣುಗಳಿಗೆ 4 ಆಕ್ಸಿಜನ್. ಯಿಟ್ರಿಯಂನದು 3, ಎರಡಕ್ಕೆ 3 ಆಕ್ಸಿಜನ್. ಎರಡು ಜಿರ್ಕೋನಿಯಂ ಜಾಗದಲ್ಲಿ ಎರಡು ಯಿಟ್ರಿಯಂ ಕೂತರೆ ಒಂದು ಆಕ್ಸಿಜನ್ ಸ್ಥಾನ ಖಾಲಿ ಉಳಿಯುತ್ತದೆ. ಇದನ್ನು ಕಪ್ಪುಹಲಗೆಯಲ್ಲಿ ಮಕ್ಕಳಿಂದಲೇ ಬರೆಸಿ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟು ಚೌಕ ಬರೆದು ಎಂಟು ಮಕ್ಕಳನ್ನು ನಿಲ್ಲಿಸಿ, ತಳ್ಳದೆ ಪಕ್ಕಕ್ಕೆ ಸರಿಯಿರಿ ಎಂದೆ. ಯಾರೂ ಕದಲಲಾಗಲಿಲ್ಲ. ಬಲತುದಿಯವನನ್ನು ಹೊರಗೆ ಕರೆದೆ, ಒಬ್ಬೊಬ್ಬರಾಗಿ ಸರಿದರು. “ಮಿಸ್, ನಾವು ಒಂದೊಂದೇ ಹೆಜ್ಜೆ ಹೋಗಿದ್ದು, ಖಾಲಿ ಜಾಗ ಮಾತ್ರ ಆ ತುದಿಯಿಂದ ಈ ತುದೀಗೆ ಬಂತು” ಎಂದಳು ಒಬ್ಬಳು. ನನ್ನ ಪಾಠಯೋಜನೆಯ ನಿರೂಪಣೆಗಿಂತ ಇದು ಚೆನ್ನಾಗಿತ್ತು. ಹೋಲಿಕೆಗೆ ಮಿತಿಯಿದೆ: ಮಕ್ಕಳು ಹೇಳಿದರೆ ಸರಿಯುತ್ತಾರೆ, ಅಯಾನು ಜಿಗಿಯಲು ಬಿಸಿ ಬೇಕು. ಹಳೆಯ ಬಗೆಯ ಕೋಶಗಳಿಗೆ 800ರಿಂದ 1000 ಡಿಗ್ರಿ ಸೆಲ್ಸಿಯಸ್.

ತೆಳು ಪದರದ ಉಪಯೋಗ ಇಲ್ಲೇ. ರೋಧ ದಪ್ಪಕ್ಕೆ ಅನುಲೋಮವೆಂದು ವಿದ್ಯುಚ್ಛಕ್ತಿ ಘಟಕದಲ್ಲಿ ಕಲಿಯುತ್ತಾರೆ. 150 ಮೈಕ್ರೋಮೀಟರ್ ಪದರವನ್ನು 10ಕ್ಕೆ ಇಳಿಸಿದರೆ, ಅದೇ ತಾಪದಲ್ಲಿ, ಪದರದ ರೋಧ ಹದಿನೈದರಲ್ಲಿ ಒಂದು ಭಾಗ. ಹಾಗಾಗಿ ಕಡಿಮೆ ಬಿಸಿಯಲ್ಲೂ ಕೋಶ ನಡೆಸಬಹುದು. ಗಾಳಿಯ ಬದಿಯಿಂದ ಬಂದ ಆಕ್ಸಿಜನ್ ಅಯಾನು ಆಚೆ ಹೈಡ್ರೋಜನ್ ಜೊತೆ ಸೇರಿ ನೀರಾಗುತ್ತದೆ; ಬಿಡುಗಡೆಯಾದ ಎಲೆಕ್ಟ್ರಾನ್ ಪದರದೊಳಗೆ ನುಸುಳಲಾಗದೆ ಹೊರಗಿನ ತಂತಿ ಹಿಡಿಯುತ್ತದೆ. ಆ ತಂತಿಯಲ್ಲೇ ನಮ್ಮ ದೀಪ.

ಮೌಲ್ಯಮಾಪನಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ತೆಳುವಾದಷ್ಟೂ ಒಳ್ಳೆಯದಾದರೆ, ಇನ್ನೂ ಇನ್ನೂ ತೆಳುಮಾಡಬಾರದೇಕೆ? ಹಿಂದಿನ ಬೆಂಚಿನಿಂದ ಉತ್ತರ ಬಂತು: “ತೂತು ಬಿದ್ರೆ ಗಾಳಿ, ಹೈಡ್ರೋಜನ್ ಎರಡೂ ಬೆರೆತ್ಕೋತವೆ, ಮಿಸ್.”