ವಾಲ್ಯೂಮ್ ಕೀ ಯಾರ ಮಾತು ಕೇಳಬೇಕು?

ಕಳೆದ ರಜೆಯಲ್ಲಿ ನನ್ನ ಚಾಚಾ ಅವರ ಮಗಳು ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಸಾಫ್ಟ್‌ವೇರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದನ್ನು ಕೇಳುತ್ತಲೇ ಅವಳು ಲ್ಯಾಪ್‌ಟಾಪ್ ಬಳಸುತ್ತಾಳೆ.

ಒಂದು ದಿನ ಅವಳು ನನ್ನ ಲ್ಯಾಪ್‌ಟಾಪಿನಲ್ಲಿ ಪಾಠದ ವಿಡಿಯೊ ಹಾಕಿದಳು. ಹಿಂದಿನ ರಾತ್ರಿ ನಾನು ಸದ್ದು ಕಡಿಮೆ ಮಾಡಿಟ್ಟಿದ್ದೆ. ಅವಳು ವಾಲ್ಯೂಮ್ ಕೀ ಒತ್ತಿದಳು. ವಿಡಿಯೊ ಸದ್ದು ಮಾತ್ರ ಏರಿತು, ಓದುವ ಧ್ವನಿ ಏರಲಿಲ್ಲ. ಇನ್ನೂ ಒತ್ತಿದಾಗ ವಿಡಿಯೊ ಸದ್ದಿನಲ್ಲಿ ಆ ಧ್ವನಿ ಮುಳುಗಿಯೇ ಹೋಯಿತು. ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಅವಳಿಗೆ ತಿಳಿಯಲಿಲ್ಲ. ನನ್ನನ್ನು ಕೂಗಿದಳು. ನಾನು ಮೌಸ್ ಹಿಡಿದು ಸರಿ ಮಾಡಿದೆ. ಅವಳೊಬ್ಬಳೇ ಇದ್ದಿದ್ದರೆ?

ಇದು ಹೇಗಾಯಿತು ಎಂದು ಆಮೇಲೆ ಓದಿ ತಿಳಿದುಕೊಂಡೆ. ವಿಂಡೋಸ್‌ನಲ್ಲಿ ಸದ್ದು ಮೂರು ಹಂತ ದಾಟಿ ಬರುತ್ತದೆ. ಮೊದಲನೆಯದು ಸಾಫ್ಟ್‌ವೇರ್ ಒಳಗಿನ ಸ್ಲೈಡರ್. ಎರಡನೆಯದು ವಾಲ್ಯೂಮ್ ಮಿಕ್ಸರ್. ಅಲ್ಲಿ ಪ್ರತಿ ಸಾಫ್ಟ್‌ವೇರಿಗೂ ಬೇರೆ ಬೇರೆ ಸ್ಲೈಡರ್ ಇರುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಈ ಸೌಲಭ್ಯ ಬಂತು. ಮೂರನೆಯದು ಇಡೀ ಲ್ಯಾಪ್‌ಟಾಪಿನ ಮುಖ್ಯ ಸದ್ದು. ಇವು ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತವೆ. ನಮ್ಮ ಪಾಠದಲ್ಲಿ ಬರುವ ರಿಯಾಯಿತಿಯ ಮೇಲಿನ ರಿಯಾಯಿತಿಯ ಹಾಗೆ: ಒಂದು ಹಂತ ಅರ್ಧ ಮಾಡಿ, ಮುಂದಿನ ಹಂತ ಅದರಲ್ಲೂ ಅರ್ಧ ಮಾಡಿದರೆ ಉಳಿಯುವುದು ಕಾಲು ಭಾಗ.

ಸಾಮಾನ್ಯವಾಗಿ ವಾಲ್ಯೂಮ್ ಕೀ ಬದಲಿಸುವುದು ಮುಖ್ಯ ಸದ್ದನ್ನು. ವಿಂಡೋಸ್‌ನಲ್ಲಿ ಒಂದು ಸಲ ಒತ್ತಿದರೆ 100ರಲ್ಲಿ 2 ಅಂಕ ಏರುತ್ತದೆ. ಆದರೆ ಮುಂದೆ ತೆರೆದಿರುವ ಸಾಫ್ಟ್‌ವೇರ್ ಬಯಸಿದರೆ ಕೀ ಒತ್ತಿದ ಸಂದೇಶವನ್ನು ತಾನೇ ಹಿಡಿದುಕೊಳ್ಳಬಹುದು. ನಮ್ಮ ಮನೆಯಲ್ಲಿ ಆದದ್ದು ಅದೇ.

ನನ್ನ ಅಭಿಪ್ರಾಯದಲ್ಲಿ ಸಾಫ್ಟ್‌ವೇರ್ ಬರೆಯುವವರು ಮೂರು ನಿಯಮ ಪಾಲಿಸಬೇಕು:

1. ಲ್ಯಾಪ್‌ಟಾಪಿನ ವಾಲ್ಯೂಮ್ ಕೀಯನ್ನು ಮುಟ್ಟಬಾರದು. ಅದು ಯಾವಾಗಲೂ ಮುಖ್ಯ ಸದ್ದಿಗೇ ಸೇರಬೇಕು.

2. ತನ್ನ ಸ್ಲೈಡರ್ ತನ್ನ ಸದ್ದನ್ನು ಮಾತ್ರ ಬದಲಿಸಬೇಕು. ಅದಕ್ಕೆ ಶಾರ್ಟ್‌ಕಟ್ ಬೇಕಿದ್ದರೆ ಬಾಣದ ಗುರುತಿನ ಕೀಗಳಂಥ ಬೇರೆ ಕೀ ಇಟ್ಟುಕೊಳ್ಳಲಿ.

3. ತನ್ನ ಸದ್ದು ಮ್ಯೂಟ್ ಆಗಿದ್ದರೆ ಅದನ್ನು ಸ್ಪಷ್ಟವಾಗಿ ತೋರಿಸಬೇಕು. ಪರದೆ ಓದುವ ಸಾಫ್ಟ್‌ವೇರಿಗೂ ಅದು ಸಿಗುವಂತಿರಬೇಕು.

ಕೀ ಪ್ಲೇಯರಿನ ಸದ್ದನ್ನೇ ಬದಲಿಸಿದರೆ ಅನುಕೂಲವಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ವಿಡಿಯೊ ಮಾತ್ರ ನೋಡುವವರಿಗೆ ಅನುಕೂಲವೇ. ಆದರೆ ಕಿಟಕಿ ಬದಲಾದಂತೆ ಅದೇ ಕೀಯ ಕೆಲಸವೂ ಬದಲಾದರೆ, ಯಾವ ಕಿಟಕಿ ಮುಂದಿದೆ ಎಂದು ಕಾಣದವರು ಏನು ಮಾಡಬೇಕು? ಬೆರಳಿಗೆ ಸಿಗುವ ಆ ಕೀಯನ್ನು ಅವರು ನಂಬುವಂತಿರಬೇಕು.

ಸೆಮಿನಾರ್ ಕೊಡುವ ಗೆಳೆಯರಿಗೆ ಒಂದು ಮಾತು. ಸದ್ದು ಬಾರದಿದ್ದರೆ ಕೀಯನ್ನೇ ಒತ್ತುತ್ತಾ ನಿಲ್ಲಬೇಡಿ. ಮೊದಲು ವಿಡಿಯೊದ ಸ್ಲೈಡರ್, ನಂತರ ಮಿಕ್ಸರ್, ಕೊನೆಗೆ ಮುಖ್ಯ ಸದ್ದು, ಈ ಕ್ರಮದಲ್ಲಿ ನೋಡಿ. ಬೇರೆಯವರ ಲ್ಯಾಪ್‌ಟಾಪ್ ಬಳಸಿದ್ದರೆ, ಹಿಂದಿರುಗಿಸುವ ಮುನ್ನ ಸದ್ದನ್ನು ಮೊದಲಿದ್ದ ಮಟ್ಟಕ್ಕೆ ತನ್ನಿ. ನಾನು ಈಗ ರಾತ್ರಿ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಅದನ್ನೇ ಮಾಡುತ್ತೇನೆ.