ಬಿಸಿಲಲ್ಲಿ ಏರುವ ನಾಡಿಬಡಿತ

ಪ್ರಶ್ನೆ: ನನಗೆ 47 ವರ್ಷ. ಮೊನ್ನೆ ಫೆಬ್ರುವರಿಯಲ್ಲಿ 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಸಮಯದೊಳಗೆ ಮುಗಿಸಿದೆ. ಎದೆನೋವು, ತಲೆಸುತ್ತು ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಸ್ಮಾರ್ಟ್‌ವಾಚ್‌ನ ದಾಖಲೆ ನೋಡಿ ಗಾಬರಿಯಾಯಿತು. ಬೆಳಿಗ್ಗೆ ಗಂಟೆಗೆ 22 ಕಿ.ಮೀ. ವೇಗದಲ್ಲಿ ನಾಡಿಬಡಿತ 132 ಇತ್ತು. ಮಧ್ಯಾಹ್ನ ಎರಡು ಗಂಟೆಗೆ ಅದೇ ವೇಗಕ್ಕೆ 151! ಎರಡು ಕಡೆ 190 ದಾಟಿದೆ. 220ರಲ್ಲಿ ವಯಸ್ಸು ಕಳೆದರೆ ನನ್ನ ಮಿತಿ 173 ತಾನೆ? ಮುಂದೆ 300 ಕಿ.ಮೀ.ಗೆ ಹೋಗಬಹುದೇ?
– ಹೆಸರು ಬೇಡ, ತುಮಕೂರು

ಉತ್ತರ: ಎದೆನೋವು, ತಲೆಸುತ್ತು ಇರಲಿಲ್ಲ ಎಂದು ನೀವೇ ಬರೆದಿದ್ದೀರಿ. ನಿಮ್ಮ ದಾಖಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ ಅದೇ.

132 ಇದ್ದದ್ದು 151 ಆದದ್ದಕ್ಕೆ ಹೆಚ್ಚಿನ ಪಾಲು ಕಾರಣ ಬಿಸಿಲು ಮತ್ತು ಬೆವರು. ಗಂಟೆಗಟ್ಟಲೆ ಬೆವರಿದಾಗ ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ. ಮೈ ತಣ್ಣಗಾಗಲೆಂದು ಒಂದಷ್ಟು ರಕ್ತ ಚರ್ಮದ ಕಡೆಗೂ ಹರಿಯುತ್ತದೆ. ಒಂದೊಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾಗುವುದರಿಂದ ಬಡಿತಗಳ ಸಂಖ್ಯೆ ಹೆಚ್ಚುತ್ತದೆ. ದೂರದ ಸವಾರಿಯಲ್ಲಿ ಇದು ಸಹಜ. ಮಧ್ಯಾಹ್ನ ಎದುರುಗಾಳಿಯೋ ಏರುರಸ್ತೆಯೋ ಇತ್ತೇ, ಅದನ್ನೂ ನೆನಪಿಸಿಕೊಳ್ಳಿ. ವೇಗ ಒಂದೇ ಇದ್ದರೂ ಶ್ರಮ ಒಂದೇ ಇರುವುದಿಲ್ಲ.

ನೀರು ಸಾಲದೇ ಹೋಗಿತ್ತೇ ಎಂದು ತಿಳಿಯಲು ವಾಚಿಗಿಂತ ಮನೆಯ ತೂಕದ ಯಂತ್ರ ಒಳ್ಳೆಯದು. ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಬೆವರು ಒರೆಸಿಕೊಂಡು ಒಮ್ಮೆ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. 65 ಕಿಲೋ ತೂಗುವವರಿಗೆ 1.3 ಕಿಲೋಗಿಂತ ಹೆಚ್ಚು, ಅಂದರೆ ಶೇ. 2ಕ್ಕಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲಲಿಲ್ಲ. ಸವಾರಿಯ ನಂತರ ತೂಕ ಏರಿದ್ದರೆ ಅದು ಇನ್ನೂ ಎಚ್ಚರಪಡಬೇಕಾದ ಸಂಗತಿ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತವೆ, ಪ್ರಾಣಕ್ಕೂ ಅಪಾಯ. ಬಾಯಾರಿಕೆ ಕೇಳಿದಷ್ಟು ಕುಡಿಯಿರಿ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್, ತಿನ್ನಲು ಏನಾದರೂ ಇರಲಿ.

ಇನ್ನು ಆ 190. ಗ್ರಾಫನ್ನು ದೊಡ್ಡದು ಮಾಡಿ ನೋಡಿ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗೋಡೆಯಂತೆ ನೆಟ್ಟಗೆ ಏರಿ ಹಾಗೆಯೇ ಇಳಿದಿದೆಯೇ? ಅಲ್ಲಿ ರಸ್ತೆ ಹಾಳಾಗಿತ್ತೇ, ಪಟ್ಟಿ ಸಡಿಲವಿತ್ತೇ? ವಾಚು ಚರ್ಮದೊಳಗೆ ಬೆಳಕು ಹಾಯಿಸಿ ನಾಡಿ ಎಣಿಸುತ್ತದೆ. ಹ್ಯಾಂಡಲ್ ಬಿಗಿಹಿಡಿದು ಕುಲುಕುತ್ತಿರುವ ಮಣಿಕಟ್ಟಿನಲ್ಲಿ ಅದು ತಪ್ಪುವುದುಂಟು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಚ್ಚು ನಂಬಬಹುದು. ಅದರಲ್ಲೂ ಹೀಗೆಯೇ ಜಿಗಿದರೆ, ಅಥವಾ ಎದೆ ಡವಗುಟ್ಟಿದ್ದು ನಿಮಗೇ ಗೊತ್ತಾದರೆ, ಹೃದ್ರೋಗ ತಜ್ಞರಿಗೆ ಗ್ರಾಫ್ ತೋರಿಸಿ. 220ರ ಲೆಕ್ಕ ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು.

ನಾನು ಹೆಚ್ಚು ಚಿಂತಿಸುವುದು ಬೇರೆ ಒಂದು ಅಂಕಿಯ ಬಗ್ಗೆ: ಸರಾಸರಿ ವೇಗ. ನಿಂತ ಸಮಯವನ್ನೂ ಸೇರಿಸಿ ಆಪ್ ತೋರಿಸುವ ವೇಗ ಕುಸಿಯಬಾರದೆಂದು ಎಷ್ಟೋ ಜನ ದಣಿದರೂ ಬಿಡದೆ ತುಳಿಯುತ್ತಾರೆ, ತಿನ್ನುತ್ತಲೇ ತುಳಿಯುತ್ತಾರೆ. ಬಿಆರ್‌ಎಂ ಪಂದ್ಯವಲ್ಲ. 300 ಕಿ.ಮೀ.ಗೆ 20 ಗಂಟೆ ಕೊಡುತ್ತಾರೆ. ನಿಮ್ಮ 22ರ ವೇಗದಲ್ಲಿ ತುಳಿಯಲು ಬೇಕಾದದ್ದು ಹದಿನಾಲ್ಕು ಗಂಟೆಗೂ ಕಡಿಮೆ. ಕೊನೆಗೆ ವೇಗ ತಗ್ಗಿದರೂ ಕೂತು ಉಣ್ಣಲು, ರಾತ್ರಿ ಕಣ್ಣು ಎಳೆದಾಗ ಸುರಕ್ಷಿತ ಜಾಗದಲ್ಲಿ ಇಪ್ಪತ್ತು ನಿಮಿಷ ಮಲಗಲು ಸಮಯವಿದೆ. ದಯವಿಟ್ಟು ಆ ಸಮಯವನ್ನು ಬಳಸಿಕೊಳ್ಳಿ.

ಒಂದು ಪುಸ್ತಕ ಇಡಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿ, ನಿದ್ದೆ, ತೂಕ, ಅಂಗೈ ಕಿರುಬೆರಳು ಜೋಮು ಹಿಡಿಯಿತೇ ಎಂಬುದು, ಇಷ್ಟು ಬರೆದರೆ ಸಾಕು. ಬೆಳಗಿನ ನಾಡಿ ಎಂದಿನದಕ್ಕಿಂತ ಏಳೆಂಟು ಬಡಿತ ಹೆಚ್ಚಾಗಿ ಮೂರ್ನಾಲ್ಕು ದಿನ ಹಾಗೇ ಉಳಿದರೆ ಸೈಕಲ್ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ. ಜ್ವರದ ಮುನ್ಸೂಚನೆಯೂ ಇರಬಹುದು.

ನಿಮ್ಮ ವಯಸ್ಸಿನಲ್ಲಿ 300ಕ್ಕೆ ಮುಂಚೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅವರು ಸರಿ ಎಂದರೆ ಧಾರಾಳವಾಗಿ ಹೋಗಿ.

ಪ್ರಶ್ನೆ: ಬಿ.ಪಿ.ಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಎಷ್ಟು ತುಳಿದರೂ ನಾಡಿ 120 ದಾಟುವುದಿಲ್ಲ. ಸವಾರಿಯ ದಿನ ಮಾತ್ರೆ ಬಿಡಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಬಿಡಬೇಡಿ. ಹೃದಯಬಡಿತ ತಗ್ಗಿಸುವುದೇ ಆ ಮಾತ್ರೆಯ ಕೆಲಸ. ಥಟ್ಟನೆ ನಿಲ್ಲಿಸಿದರೆ ಬಿ.ಪಿ., ನಾಡಿ ಎರಡೂ ಜಿಗಿದು ಅಪಾಯವಾಗಬಹುದು. ಆಪ್ ತೋರಿಸುವ ಹೃದಯಬಡಿತದ ವಲಯಗಳು ನಿಮಗೆ ಅನ್ವಯಿಸುವುದಿಲ್ಲ. ಪಕ್ಕದ ಸವಾರರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ನೋಡಿ. ಆಗುತ್ತಿದ್ದರೆ ದೂರದ ಸವಾರಿಗೆ ಆ ಶ್ರಮ ಸರಿ. ಮಾತು ತುಂಡಾದರೆ ನಿಧಾನಿಸಿ.

ಇಬ್ಬರಿಗೂ ಒಂದು ಮಾತು. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಕಾರಣವಿಲ್ಲದ ಏದುಸಿರು, ಕಣ್ಣುಕತ್ತಲೆ ಬಂದರೆ ವಾಚು ಏನೇ ತೋರಿಸಲಿ, ಅಲ್ಲೇ ಇಳಿದು ಕೂತು 108ಕ್ಕೆ ಕರೆ ಮಾಡಿ. ಇಸಿಜಿ ತೆಗೆಯುವ ವಾಚೂ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ.