ಪದ ಹಾಡಿದವರ ಚರಿತ್ರೆ

ಹಾವೇರಿ ಸೀಮೆಯಲ್ಲಿ ಶಿಲಾಶಾಸನಗಳಿಗೆ ಕೊರತೆಯಿಲ್ಲ. ಗುಡಿಯ ಗೋಡೆಗೆ ಒರಗಿಸಿದ, ಕೆರೆಯ ಏರಿಯ ಮೇಲೆ ನೆಟ್ಟ ಕಲ್ಲುಗಳನ್ನು ಓದಿ, ಯಾವ ಅರಸನ ಕಾಲದಲ್ಲಿ ಯಾವ ದೇವರಿಗೆ ಎಷ್ಟು ಮತ್ತರು ಭೂಮಿ ದತ್ತಿಯಾಯಿತೆಂಬುದನ್ನು ವಿದ್ವಾಂಸರು ತಿಳಿಸಿದ್ದಾರೆ. ಆದರೆ ಅದೇ ಗುಡಿಯ ಕಟ್ಟೆಯ ಮೇಲೆ ಕುಳಿತು ಬೆಳಗಿನವರೆಗೆ ಪದ ಹೇಳಿದವನ ಹೆಸರೇನು, ಆತನಿಗೆ ಆ ಪದವನ್ನು ಕಲಿಸಿದವರು ಯಾರು, ಕೇಳಿದವರು ನಕ್ಕರೋ ಸಿಟ್ಟಾದರೋ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಜನಸಾಮಾನ್ಯರ ಹಾಡಿಗೆ ಚರಿತ್ರೆಯುಂಟು. ಅದನ್ನು ಬರೆದಿಡುವ ಪ್ರಯತ್ನ ಮಾತ್ರ ಬಹಳ ತಡವಾಗಿ ಆರಂಭವಾಯಿತು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ಹೆದ್ದಾರಿಯ, ಒಂದೇ ರೈಲುಮಾರ್ಗದ ಊರುಗಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೇಬೆನ್ನೂರಿನ ಹತ್ತಿಯ ವ್ಯಾಪಾರ, ಹಾವೇರಿಯ ಏಲಕ್ಕಿ ಹಾರ ಇವುಗಳನ್ನು ಅರಿಯದವರು ವಿರಳ. ಸಂತೆ ಸೇರುವ ಊರಿಗೆ ಹಾಡುವವರೂ ಬರುತ್ತಾರೆ. ಗಾಡಿ ಬಿಟ್ಟು ರಾತ್ರಿ ತಂಗುವ ರೈತರಿಗೆ ಹಾಡು ಬೇಕು. ಹಾಡುವವನಿಗೆ ಕೇಳುವ ಜನ ಬೇಕು. ಈ ಸೀಮೆಯ ಲಾವಣಿ, ಗೀಗೀ ಪದ, ತತ್ತ್ವಪದ, ಭಜನೆಗಳು ಅರಮನೆಯ ಆಶ್ರಯದಲ್ಲಿ ಬೆಳೆದವುಗಳಲ್ಲ. ಇಂತಹ ಪೇಟೆಗಳಲ್ಲಿ, ಜಾತ್ರೆಗಳಲ್ಲಿ, ಮಠದ ಅಂಗಳದಲ್ಲಿ ಬೆಳೆದವು.

ಗೀಗೀ ಮೇಳದ ಸಾಮಗ್ರಿ ಅತ್ಯಲ್ಪ. ಒಂದು ದಪ್ಪು, ಒಂದು ತುಂತುಣಿ, ಒಂದು ಜೊತೆ ತಾಳ. ಮುಂದಾಳು ದಪ್ಪು ಬಡಿಯುತ್ತ ಪದವನ್ನು ಎತ್ತಿಕೊಂಡರೆ ಹಿಮ್ಮೇಳದ ಇಬ್ಬರು ‘ಗೀ ಗೀ’ ಎಂದು ಸೊಲ್ಲು ಕೂಡಿಸುತ್ತಾರೆ. ಪಲ್ಲ, ನುಡಿ, ಚಾಲ, ಏರು, ಇಳುವು ಎಂದು ಹಾಡಿನ ಗತಿ ಬದಲಾಗುತ್ತ ಹೋಗುತ್ತದೆ. ಕಲ್ಗಿ ಮತ್ತು ತುರಾಯಿ ಎಂಬ ಎರಡು ಪಂಗಡಗಳು ಎದುರುಬದುರು ನಿಂತು, ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಸವಾಲು ಹಾಕಿ ಉತ್ತರ ಕೊಡುವುದುಂಟು. ಸವಾಲಿಗೆ ಉತ್ತರ ಹೇಳಲಾಗದವನು ನೆರೆದ ಸಭೆಯ ಮುಂದೆ ಸೋತಂತೆಯೇ ಸರಿ. ಅಕ್ಷರ ಬಾರದವರೂ ಪುರಾಣವನ್ನು ಬಾಯಿಪಾಠವಾಗಿ ಅರಿತು, ಕ್ಷಣಮಾತ್ರದಲ್ಲಿ ಪದ ಕಟ್ಟಿ ಎದುರಾಳಿಯನ್ನು ಕಟ್ಟಿಹಾಕುತ್ತಿದ್ದರು. ಶಾಸ್ತ್ರೀಯ ಸಂಗೀತದ ಅಳತೆಗೋಲಿನಿಂದ ನೋಡಿದರೆ ಆ ಕಂಠಗಳು ಒರಟಾಗಿ ತೋರಬಹುದು. ಆದರೆ ಬಯಲಿನಲ್ಲಿ ಸಾವಿರ ಜನರಿಗೆ ಕೇಳಿಸಬೇಕಾದ ದನಿಗೆ ಆ ಒರಟುತನ ಅವಶ್ಯವಾಗಿತ್ತು.

ಇಂತಹ ಹಾಡುಗಳನ್ನು ಮೊದಲಿಗೆ ಸಂಗ್ರಹಿಸಿದವರಲ್ಲಿ ಒಬ್ಬನು ಆಂಗ್ಲ ಅಧಿಕಾರಿಯೆಂಬುದು ಸ್ವಾರಸ್ಯದ ಸಂಗತಿ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಶಾಸನತಜ್ಞನು ೧೮೮೫ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕೆಲವು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಕಾದಿದ ಹಲಗಲಿಯ ಬೇಡರ ಲಾವಣಿಯಿದೆ. ಹೊಸದಾಗಿ ಹೇರಿದ ಆದಾಯ ತೆರಿಗೆಯನ್ನು ಕುರಿತ ಲಾವಣಿಯೂ ಇದೆ. ಯಾವ ಸರ್ಕಾರದ ವಿರುದ್ಧ ಜನ ಹಾಡಿದರೋ ಆ ಸರ್ಕಾರದ ನೌಕರನೇ ಅದನ್ನು ಬರೆದುಕೊಂಡನು. ಹಾಡಿದವರು ಆತನ ಮುಂದೆ ಎಷ್ಟು ಬಿಚ್ಚಿ ಹಾಡಿದರು, ಎಷ್ಟನ್ನು ನುಂಗಿಕೊಂಡರು ಎಂಬ ಸಂದೇಹ ಓದುಗನಿಗೆ ಬಾರದಿರದು.

ಈ ಸೀಮೆಯ ಪ್ರತಿಭಟನೆಯ ದನಿ ಲಾವಣಿಗಿಂತಲೂ ಹಳೆಯದು. ಅಬಲೂರು, ಮಾಸೂರುಗಳ ಹೆಸರಿನೊಡನೆ ಸೇರಿಕೊಂಡಿರುವ ಸರ್ವಜ್ಞನು ಜಾತಿಯ ಹೆಮ್ಮೆಯನ್ನೂ ಡಾಂಭಿಕರನ್ನೂ ಮೂರು ಸಾಲಿನಲ್ಲಿ ಹೊಡೆದು ಹಾಕಿದನು. ಆತನ ತ್ರಿಪದಿಗಳು ಮೂರು ನಾಲ್ಕು ಶತಮಾನಗಳ ಕಾಲ ಹೆಚ್ಚಾಗಿ ಜನರ ನಾಲಗೆಯ ಮೇಲೆಯೇ ಉಳಿದಿದ್ದವು. ಅವುಗಳನ್ನು ಒಂದೆಡೆ ಕೂಡಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದ ಅವರು ಹಳ್ಳಿಹಳ್ಳಿ ತಿರುಗಿ, ಓಲೆಗರಿಗಳನ್ನು ಹುಡುಕಿ, ಮುದುಕರ ಬಾಯಿಂದ ಕೇಳಿ, ೧೯೨೪ರಲ್ಲಿ ಸುಮಾರು ೨೦೦೦ ವಚನಗಳ ಸಂಪುಟವನ್ನು ಹೊರತಂದರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ದೊರೆಯಿತು. ಆದರೆ ಸಂಗ್ರಹಕಾರನನ್ನು ಕಾಡುವ ಪ್ರಶ್ನೆಯೊಂದುಂಟು. ಕೊನೆಯಲ್ಲಿ ‘ಸರ್ವಜ್ಞ’ ಎಂದಿದ್ದ ಮಾತ್ರಕ್ಕೆ ಅದು ಸರ್ವಜ್ಞನದೇ ಆಗಬೇಕೆಂದಿಲ್ಲ. ಸಿಟ್ಟು ಬಂದ ಯಾವನೋ ಒಬ್ಬ ರೈತನು ತಾನೇ ತ್ರಿಪದಿ ಕಟ್ಟಿ, ಹಿರಿಯನ ಹೆಸರಿನ ಮರೆಯಲ್ಲಿ ನಿಂತಿರಬಹುದು. ಅದನ್ನು ಕೃತಕವೆಂದು ತಳ್ಳಿಬಿಟ್ಟರೆ ಆ ರೈತನ ದನಿಯೂ ಅಳಿದುಹೋಗುತ್ತದೆ.

ಇದೇ ತೊಡಕು ಶಿಶುನಾಳ ಶರೀಫರ ಪದಗಳಲ್ಲಿಯೂ ಕಾಣುತ್ತದೆ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ೧೮೧೯ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲೆಯ ಮಾಸ್ತರರಾಗಿದ್ದು, ಬಳಿಕ ಆ ಕೆಲಸವನ್ನು ಬಿಟ್ಟರು. ಕಳಸದ ಗೋವಿಂದಭಟ್ಟರು ಅವರಿಗೆ ಗುರುಗಳಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಇಬ್ಬರೂ ತಂತಮ್ಮ ಜನರ ನಿಂದೆಗೆ ಗುರಿಯಾದರು. ಶರೀಫರು ಸೋರುವ ಮಾಳಿಗೆಯನ್ನು, ಕೋಳಿ ಕೋಡಗಗಳನ್ನು, ಹೊಸದಾಗಿ ಬಂದ ಗಿರಣಿಯನ್ನು ಕಂಡು, ಕಂಡುದನ್ನೇ ಪದವಾಗಿ ಹಾಡಿದರು. ಪಂಡಿತರ ಭಾಷೆಯನ್ನು ಅವರು ಬಯಸಲಿಲ್ಲ. ೧೮೮೯ರಲ್ಲಿ ಅವರು ತೀರಿಕೊಂಡ ಮೇಲೆ ಆ ಪದಗಳು ಭಜನಾ ಮೇಳಗಳ ಬಾಯಲ್ಲಿ ಊರಿಂದೂರಿಗೆ ನಡೆದವು. ಅಂಕಿತ ‘ಶಿಶುನಾಳಧೀಶ’ನದು, ನಡುವಿನ ನುಡಿಗಳು ಮಾತ್ರ ಊರಿಗೊಂದು ರೀತಿ.

ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಈ ಪದಗಳನ್ನು ಸಂಪಾದಿಸಿ ನಾಡಿನ ಓದುಗರ ಮುಂದಿಟ್ಟರು. ಸಿ. ಅಶ್ವಥ್ ಅವರು ರಾಗ ಹಾಕಿದರು. ಶಿವಮೊಗ್ಗ ಸುಬ್ಬಣ್ಣನವರಂತಹ ಗಾಯಕರು ಹಾಡಿದರು. ಧ್ವನಿಸುರುಳಿಗಳು ಮನೆಮನೆಯನ್ನು ಹೊಕ್ಕವು. ೧೯೯೦ರಲ್ಲಿ ಟಿ. ಎಸ್. ನಾಗಾಭರಣ ಅವರ ಚಲನಚಿತ್ರವೂ ತೆರೆಕಂಡಿತು. ಶರೀಫರ ಹೆಸರನ್ನೇ ಕೇಳದಿದ್ದ ದಕ್ಷಿಣದ ಊರುಗಳಲ್ಲಿಯೂ ಅವರ ಪದಗಳು ಮೊಳಗಿದವು. ಇದು ಸಣ್ಣ ಉಪಕಾರವಲ್ಲ. ಆದರೂ ಇಂದು ಅನೇಕರು ಆ ಸುರುಳಿಯ ರಾಗವನ್ನೇ ಶರೀಫರ ರಾಗವೆಂದು ತಿಳಿದಿದ್ದಾರೆ. ಏಕತಾರಿ, ದಮ್ಮಡಿ, ತಾಳಗಳೊಡನೆ ಹಳ್ಳಿಯ ಮೇಳದವರು ಹಾಡುವ ಧಾಟಿ ಬೇರೆ. ತನ್ನ ಅಜ್ಜನಿಂದ ಬಂದ ಧಾಟಿಯನ್ನು ‘ಇದು ತಪ್ಪಿರಬಹುದು’ ಎಂದು ಸಂಕೋಚಪಟ್ಟು ಹಾಡುಗಾರನು ಬಿಟ್ಟುಬಿಟ್ಟರೆ, ಅದನ್ನು ಮರಳಿ ತರುವ ದಾರಿಯಿಲ್ಲ.

ಹಾಡು ಹುಟ್ಟುವ ಕಾಲದಲ್ಲಿಯೇ ಅದರ ದಾಖಲೆಯನ್ನೂ ಇಟ್ಟ ಉದಾಹರಣೆ ದೂರದ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ೧೯೭೬ರ ಸುಮಾರಿಗೆ ಲಂಡನ್ನಿನಲ್ಲಿ ‘ಪಂಕ್’ ಎಂಬ ಸಂಗೀತ ತಲೆಯೆತ್ತಿತು. ಸಂಗೀತವನ್ನು ಕ್ರಮವಾಗಿ ಕಲಿಯದ ತರುಣರು, ಅಗ್ಗದ ವಾದ್ಯಗಳನ್ನು ಹಿಡಿದು, ನಿರುದ್ಯೋಗ ಹಾಗೂ ದೊಡ್ಡಸ್ತಿಕೆಗಳ ಮೇಲಿನ ಸಿಟ್ಟನ್ನು ಕೂಗಿ ಹಾಡಿದರು. ಪ್ರತಿಷ್ಠಿತರು ಮೂಗು ಮುರಿದರು. ಆಗ ಮಾರ್ಕ್ ಪೆರಿ ಎಂಬ ಬ್ಯಾಂಕಿನ ಗುಮಾಸ್ತನು ತಾನೇ ಟೈಪು ಮಾಡಿ, ನಕಲು ಪ್ರತಿ ತೆಗೆದು, ಈ ಹಾಡುಗಾರರನ್ನು ಕುರಿತೇ ಒಂದು ಪತ್ರಿಕೆಯನ್ನು ಹೊರಡಿಸಿದನು. ನೋಡಲು ಅಂದವಿಲ್ಲದ ಹಾಳೆಗಳು. ನಾಲ್ವತ್ತು ವರ್ಷಗಳ ಬಳಿಕ, ೨೦೧೬ರಲ್ಲಿ, ಬ್ರಿಟಿಷ್ ಲೈಬ್ರರಿಯು ಪಂಕ್ ಸಂಗೀತದ ಪ್ರದರ್ಶನವನ್ನೇರ್ಪಡಿಸಿದಾಗ ಅಂತಹ ಹಾಳೆಗಳಿಗೂ ಕರಪತ್ರಗಳಿಗೂ ಗಾಜಿನ ಪೆಟ್ಟಿಗೆಯೊಳಗೆ ಸ್ಥಾನ ದೊರೆಯಿತು. ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಲಾವಣಿಯ ಸಣ್ಣ ಪುಸ್ತಿಕೆಗಳೂ ಇದೇ ಜಾತಿಯವು. ತೆಳುವಾದ ಕಾಗದ, ತಪ್ಪು ಅಚ್ಚು, ಅಲ್ಪ ಬೆಲೆ. ಅವುಗಳನ್ನು ಕೊಂಡವರು ಹರಿಯುವವರೆಗೆ ಹಾಡಿದರು. ಹರಿದ ಮೇಲೆ ಒಲೆಗೆ ಹಾಕಿದರು. ಅಳಿದುಳಿದ ಪ್ರತಿಗಳಿಗಾಗಿ ಸಂಶೋಧಕರು ಇಂದು ಅಟ್ಟಗಳನ್ನು ಹುಡುಕಬೇಕಾಗಿದೆ.

ಸ್ವಾತಂತ್ರ್ಯ ಹೋರಾಟದ ಕಾಲದ ಹಾಡುಗಳ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಹಾವೇರಿಯ ರೈಲು ನಿಲ್ದಾಣಕ್ಕೆ ಇಂದು ಅವರ ಹೆಸರಿದೆ. ಅಂದು ಚರಕ, ಖಾದಿ, ಸೆರೆಮನೆಗಳನ್ನು ಕುರಿತು ಗೀಗೀ ಮೇಳಗಳು ಹಾಡುತ್ತಿದ್ದವು. ರಾಜದ್ರೋಹವೆನಿಸುವ ಹಾಡನ್ನು ಕಾಗದದ ಮೇಲೆ ಬರೆದಿಡುವುದು ಅಪಾಯಕರ, ನೆನಪಿನಲ್ಲಿಡುವುದೇ ಕ್ಷೇಮಕರವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಹಾಡುಗಳನ್ನು ಕೇಳುವವರು ಕಡಿಮೆಯಾದರು. ಹಾಡಿದವರೊಡನೆ ಅವುಗಳಲ್ಲಿ ಎಷ್ಟೋ ಕಣ್ಮರೆಯಾದವು.

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಮಯಕ್ಕೆ ಗೊರವಯ್ಯನು ಕಾರಣಿಕ ನುಡಿಯುತ್ತಾನೆ. ಒಂದೇ ಒಂದು ಮಾತು. ಅದು ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ; ಮಳೆ ಬೆಳೆ ರಾಜಕೀಯಗಳಿಗೆ ಅದನ್ನು ಅನ್ವಯಿಸಿ ಜನ ಚರ್ಚಿಸುತ್ತಾರೆ. ಅದೇ ಗುಡ್ಡದಲ್ಲಿ ಡಮರು ಬಾರಿಸುತ್ತ ಗೊರವರು ಹೇಳುವ ಮೈಲಾರಲಿಂಗನ ಪದಗಳನ್ನು ಬರೆದುಕೊಳ್ಳಲು ಯಾವ ಪತ್ರಿಕೆಯೂ ಧಾವಿಸುವುದಿಲ್ಲ.

ಪದವನ್ನು ಬರೆದುಕೊಳ್ಳುವುದು ಕಂಡಷ್ಟು ಸುಲಭವಲ್ಲ. ‘ನಿಧಾನವಾಗಿ ಹೇಳಿರಿ’ ಎಂದರೆ ಹಾಡುಗಾರನಿಗೆ ಧಾಟಿ ತಪ್ಪುತ್ತದೆ. ಧಾಟಿ ತಪ್ಪಿದರೆ ಮುಂದಿನ ನುಡಿ ನೆನಪಿಗೆ ಬಾರದು. ಪಟ್ಟಣದಿಂದ ಬಂದವರ ಮುಂದೆ ಆತನು ಒರಟು ಮಾತುಗಳನ್ನು ತಾನೇ ತಿದ್ದಿ ಹೇಳುವನು. ಉಳಿದುದನ್ನು ಸಂಪಾದಕರು ತಿದ್ದುವರು. ಹಳೆಯ ಸಂಗ್ರಹಗಳಲ್ಲಿ ಶಬ್ದಗಳುಂಟು, ರಾಗವಿಲ್ಲ. ಹಲವೆಡೆ ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿದ್ದರೆ, ಹಾಡಿದ ಹೆಣ್ಣುಮಕ್ಕಳ ಹೆಸರು ಒಳಪುಟದಲ್ಲಿಯೂ ಇಲ್ಲ. ಧ್ವನಿಮುದ್ರಣ ಯಂತ್ರವು ಈ ಕೊರತೆಗಳಲ್ಲಿ ಕೆಲವನ್ನು ನೀಗಿತು. ಆದರೆ ಸುರುಳಿಗಳೂ ಬಿಸಿಲು ತೇವಗಳಿಗೆ ಕೆಡುತ್ತವೆ. ಅವುಗಳನ್ನು ಹೊಸ ಸಾಧನಗಳಿಗೆ ಇಳಿಸದಿದ್ದರೆ ಕಪಾಟಿನಲ್ಲಿಯೇ ಮೂಕವಾಗುತ್ತವೆ.

ಹಾವೇರಿ ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ೨೦೧೧ರಲ್ಲಿ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಜನಪದದ ಅಧ್ಯಯನಕ್ಕೆಂದೇ ಒಂದು ವಿಶ್ವವಿದ್ಯಾಲಯ ಹುಟ್ಟಿದ್ದು ಶರೀಫರ ಸೀಮೆಯಲ್ಲಿ ಎಂಬುದು ಉಚಿತವೇ ಆಗಿದೆ. ಶಿಶುವಿನಹಾಳದಲ್ಲಿ ಶರೀಫರ ಗದ್ದುಗೆಯಿದೆ. ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಸುತ್ತಲಿನ ಊರುಗಳ ಭಜನಾ ಮೇಳದವರು ತಾಳ, ದಮ್ಮಡಿಗಳೊಡನೆ ಬಂದು ಕುಳಿತು, ತಂತಮ್ಮ ಹಿರಿಯರು ಕಲಿಸಿದ ಧಾಟಿಯಲ್ಲಿ ಪದ ಎತ್ತುತ್ತಾರೆ. ಒಂದು ಮೇಳದವರು ಹಾಡಿದ ನುಡಿಯನ್ನು ಕೇಳಿ, ‘ನಮ್ಮೂರಾಗ ಹಿಂಗಲ್ಲ’ ಎಂದು ಮತ್ತೊಂದು ಮೇಳದ ಮುದುಕನು ತನ್ನ ಪಾಠವನ್ನು ಹಾಡಿ ತೋರಿಸುವುದುಂಟು.